ಮಾರ್ಜರಿ ಬ್ರೂಸ್

ಮಾರ್ಜರಿ ಬ್ರೂಸ್ (ವಿವಾಹಾನಂತರ ಮಾರ್ಜರಿ ಪ್ಯಾಸ್ಟನ್, ಮರಣ 1495) ಹದಿನೈದನೆಯ ಶತಮಾನದ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಕುಲೀನ ಮಹಿಳೆ. 1477ರ ಫೆಬ್ರವರಿಯಲ್ಲಿ ತನ್ನನ್ನು ವರಿಸಲಿದ್ದ ಮೂರನೆಯ ಜಾನ್ ಪ್ಯಾಸ್ಟನ್ ಎಂಬವನಿಗೆ ಈಕೆ ಬರೆಯಿಸಿದ ಎರಡು ಪತ್ರಗಳಲ್ಲಿ ಅವನನ್ನು ತನ್ನ ವ್ಯಾಲೆಂಟೈನ್ ಎಂದು ಸಂಬೋಧಿಸಿದ್ದಾಳೆ. ಇಂಗ್ಲಿಷ್ ಭಾಷೆಯಲ್ಲಿ ಉಳಿದುಬಂದಿರುವ ವ್ಯಾಲೆಂಟೈನ್ ಪತ್ರಗಳಲ್ಲಿ ಇವೇ ಅತ್ಯಂತ ಹಳೆಯವೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ಪ್ರೇಮಿಗಳ ದಿನದ ಇತಿಹಾಸದಲ್ಲಿ ಈಕೆಯ ಹೆಸರು ಶಾಶ್ವತವಾಗಿ ಸೇರಿಹೋಗಿರುವುದು ಈ ಕಾರಣದಿಂದ. ಆದರೆ ಪತ್ರಗಳನ್ನು ಬರೆಯಿಸಿದ ಸಂದರ್ಭ ವರದಕ್ಷಿಣೆಯ ಮಾತುಕತೆಯದು. ಹಣದ ವಿಷಯದಲ್ಲಿ ಎರಡು ಮನೆತನಗಳು ಒಮ್ಮತಕ್ಕೆ ಬಾರದೆ ಸಂಬಂಧವೇ ಮುರಿದುಬೀಳುವ ಸ್ಥಿತಿಯಲ್ಲಿದ್ದಾಗ ಇವು ರಚಿತವಾದವು.

ಈಕೆಯನ್ನು ಇದೇ ಮನೆತನದ ಇನ್ನೊಬ್ಬ ಮಾರ್ಜರಿ ಪ್ಯಾಸ್ಟನ್‌ಳೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಆಕೆ ಮೂರನೆಯ ಜಾನ್‌ನ ತಂಗಿ. ಮನೆತನದ ಜಮೀನುಗಳ ಮೇಲ್ವಿಚಾರಕನಾಗಿದ್ದ ರಿಚರ್ಡ್ ಕಾಲ್‌ನನ್ನು ಗುಟ್ಟಾಗಿ ವರಿಸಿದವಳು.

ತವರುಮನೆ

ಮಾರ್ಜರಿಯ ತಂದೆ ದಕ್ಷಿಣ ನಾರ್ಫೋಕಿನ ಟಾಪ್‌ಕ್ರಾಫ್ಟ್ ಗ್ರಾಮದ ಸರ್ ಥಾಮಸ್ ಬ್ರೂಸ್. ತಾಯಿ ಎಲಿಜಬೆತ್ ಆತನ ಎರಡನೆಯ ಪತ್ನಿ. ಬ್ರೂಸ್ ಮನೆತನ ಪ್ರತಿಷ್ಠಿತವಾದುದು, ಭೂಮಿಕಾಣಿಯುಳ್ಳದ್ದು. ಆದರೆ ಮದುವೆ ಮಾಡಿಕೊಡಬೇಕಾದ ಹೆಣ್ಣುಮಕ್ಕಳು ಮನೆಯಲ್ಲಿ ಹಲವರಿದ್ದರು. ಒಬ್ಬಳಿಗೆ ಹೆಚ್ಚು ಕೊಟ್ಟರೆ ಉಳಿದವರ ಪಾಲಿಗೆ ಕಡಿಮೆಯಾಗುತ್ತದೆ ಎಂಬ ಚಿಂತೆ ಸರ್ ಥಾಮಸನನ್ನು ಕಾಡುತ್ತಿತ್ತು. ಆತನನ್ನು ಜಿಪುಣನೆಂದು ಚಿತ್ರಿಸುವ ಬರಹಗಳು ಈ ಸಂಗತಿಯನ್ನು ಸಾಮಾನ್ಯವಾಗಿ ಮರೆಯುತ್ತವೆ.

ಪ್ಯಾಸ್ಟನ್ ಮನೆತನ ಮತ್ತು ವರ

ಪ್ಯಾಸ್ಟನ್ ಮನೆತನದವರು ಮೇಲೇರಿ ಬಂದವರು. ನಾರ್ಫೋಕಿನ ಪ್ಯಾಸ್ಟನ್ ಎಂಬ ಊರಿನ ಸಾಮಾನ್ಯ ಕೃಷಿಕ ಕ್ಲೆಮೆಂಟ್ ತನ್ನ ಮಗ ವಿಲಿಯಂನನ್ನು (1378–1444) ಓದಿಸಿದನು, ವಿಲಿಯಂ ನ್ಯಾಯಾಧೀಶನಾದನು. ಅವನ ಮಗ ಮೊದಲನೆಯ ಜಾನ್ (1421–1466) ವಕೀಲ. 1459ರಲ್ಲಿ ಸರ್ ಜಾನ್ ಫಾಸ್ಟಾಲ್ಫ್ ಎಂಬ ಶ್ರೀಮಂತ ಯೋಧ ತೀರಿಕೊಂಡಾಗ ಅವನ ಕೇಸ್ಟರ್ ಕೋಟೆ ಮತ್ತು ವಿಶಾಲವಾದ ಆಸ್ತಿ ತನಗೇ ಸೇರಿದ್ದೆಂದು ಮೊದಲನೆಯ ಜಾನ್ ಹಕ್ಕು ಸಾಧಿಸಿದನು. ಅಲ್ಲಿಂದ ಮುಂದೆ ಹಲವು ವರ್ಷ ಈ ಮನೆತನ ವ್ಯಾಜ್ಯಗಳಲ್ಲೂ ಹೊಡೆದಾಟಗಳಲ್ಲೂ ಸಿಕ್ಕಿಕೊಂಡಿತು. ದೂರದ ಲಂಡನ್ನಿನಲ್ಲಿರುವ ಗಂಡಸರಿಗೂ ಊರಿನಲ್ಲಿ ಮನೆ, ಜಮೀನು ನೋಡಿಕೊಳ್ಳುವ ಹೆಂಗಸರಿಗೂ ನಡುವೆ ಓಡಾಡಿದ ಕಾಗದಗಳ ಸಂಗ್ರಹವೇ ಇಂದು ಪ್ಯಾಸ್ಟನ್ ಪತ್ರಗಳೆಂದು ಹೆಸರಾಗಿದೆ.

ಮೊದಲನೆಯ ಜಾನ್ ಮತ್ತು ಮಾರ್ಗರೆಟ್ ದಂಪತಿಯ ಇಬ್ಬರು ಹಿರಿಯ ಗಂಡುಮಕ್ಕಳಿಗೂ ಜಾನ್ ಎಂದೇ ಹೆಸರು. ಹಿರಿಯನಾದ ಸರ್ ಜಾನ್ (1442–1479) ರಾಜಧಾನಿಯ ಬದುಕನ್ನು ಮೆಚ್ಚಿದವನು, ಕೊನೆಯವರೆಗೂ ಮದುವೆಯಾಗಲಿಲ್ಲ. ಅವನಿಗಿಂತ ಎರಡು ವರ್ಷ ಕಿರಿಯನೇ ಮಾರ್ಜರಿಯ ವರ. ಇವನು 1469ರಲ್ಲಿ ನಾರ್ಫೋಕಿನ ಡ್ಯೂಕ್ ಕೇಸ್ಟರ್ ಕೋಟೆಗೆ ಮುತ್ತಿಗೆ ಹಾಕಿದಾಗ ಅದರ ರಕ್ಷಣೆಯ ಹೊಣೆ ಹೊತ್ತು, ಕೊನೆಗೆ ಕೋಟೆಯನ್ನು ಒಪ್ಪಿಸಬೇಕಾಗಿ ಬಂದವನು. 1471ರ ಬಾರ್ನೆಟ್ ಯುದ್ಧದಲ್ಲಿ ಸೋತ ಲ್ಯಾಂಕಾಸ್ಟರ್ ಪಕ್ಷದಲ್ಲಿ ಕಾದಾಡಿ ತೋಳಿಗೆ ಬಾಣದ ಗಾಯ ಮಾಡಿಕೊಂಡವನು. ಇಷ್ಟೆಲ್ಲ ಕಂಡಿದ್ದರೂ ಎರಡನೆಯ ಮಗನಾದುದರಿಂದ ಅವನ ಕೈಯಲ್ಲಿ ಸ್ವಂತ ಆಸ್ತಿ ಹೆಚ್ಚಿರಲಿಲ್ಲ. ಹಣವುಳ್ಳ ಹೆಂಡತಿಗಾಗಿ ಹತ್ತಾರು ವರ್ಷ ಹುಡುಕಾಟ ನಡೆಸಿ ಬೊಲಿನ್ ಮನೆತನವೂ ಸೇರಿದಂತೆ ಹಲವು ಕಡೆ ವಿಚಾರಿಸಿ ಬರಿಗೈಯಲ್ಲಿ ಮರಳಿದ್ದನು. 1477ರಲ್ಲಿ ಅವನಿಗೆ ಮೂವತ್ತು ದಾಟಿತ್ತು.

ಪ್ರೇಮವಿವಾಹಕ್ಕೆ ಈ ಮನೆಯಲ್ಲಿ ಏನು ಬೆಲೆಯಿತ್ತೆಂಬುದು ತಂಗಿ ಮಾರ್ಜರಿಯ ಪ್ರಕರಣದಲ್ಲಿ ಸ್ಪಷ್ಟವಾಗಿತ್ತು. 1469ರಲ್ಲಿ ನಾರ್ವಿಚ್‌ನ ಬಿಷಪ್ ಆಕೆಯನ್ನು ಕರೆಯಿಸಿ ವಿಚಾರಣೆ ನಡೆಸಿದಾಗ ತಾನು ಕಾಲ್‌ನಿಗೆ ಕೊಟ್ಟ ಮಾತು ಮದುವೆಯಷ್ಟೇ ಬದ್ಧವಾದುದೆಂದು ಆಕೆ ಪಟ್ಟು ಹಿಡಿದಳು. ತಾಯಿ ಮಾರ್ಗರೆಟ್ ಅವಳಿಗೆ ಮನೆಯ ಬಾಗಿಲು ಮುಚ್ಚಿದಳು. ಮೇಣದಬತ್ತಿ, ಸಾಸಿವೆ ಮಾರುವ ಬಾಳಿಗೆ ತಂಗಿಯನ್ನು ಒಪ್ಪಿಸಲು ತಾನು ಸಿದ್ಧನಿಲ್ಲವೆಂದು ಪತ್ರ ಬರೆದವನು ಇದೇ ಮೂರನೆಯ ಜಾನ್. ಎಂಟು ವರ್ಷಗಳ ಬಳಿಕ ಅದೇ ಹೆಸರಿನ ಇನ್ನೊಬ್ಬ ಹುಡುಗಿ, ಕಡಿಮೆ ಹಣಕ್ಕೆ ತನ್ನನ್ನು ಒಪ್ಪಿಕೊಳ್ಳುವಂತೆ ಅವನನ್ನೇ ಕೇಳಬೇಕಾಯಿತು.

ವರದಕ್ಷಿಣೆಯ ಮಾತುಕತೆ

ಅಂದಿನ ಇಂಗ್ಲೆಂಡಿನ ಭೂಮಾಲೀಕ ಕುಟುಂಬಗಳಲ್ಲಿ ಮದುವೆಯ ಒಪ್ಪಂದಕ್ಕೆ ಎರಡು ಬದಿಗಳಿದ್ದವು. ಹೆಣ್ಣಿನ ತಂದೆ ನಿಗದಿಯಾದ ಹಣವನ್ನು ವರನ ಕಡೆಗೆ ಕೊಡಬೇಕು. ವರನ ಕಡೆಯವರು ದಂಪತಿಯ ಜೀವನಕ್ಕೂ, ಗಂಡ ತೀರಿಕೊಂಡರೆ ವಿಧವೆಯ ನಿರ್ವಹಣೆಗೂ ಸಾಕಾಗುವಷ್ಟು ಭೂಮಿಯನ್ನು ಬರೆದುಕೊಡಬೇಕು. ಈ ಮದುವೆ ಎರಡೂ ಬದಿಯಲ್ಲಿ ತೊಡಕಿಗೆ ಸಿಲುಕಿತು. ಜಾನ್ ನಿರೀಕ್ಷಿಸಿದಷ್ಟು ಹಣ ಕೊಡಲು ಸರ್ ಥಾಮಸ್ ಸಿದ್ಧನಿರಲಿಲ್ಲ. ವರನಿಗೆ ಸ್ವೈನ್ಸ್‌ಥಾರ್ಪ್ ಎಂಬ ಜಮೀನು ದೊರೆಯಬೇಕೆಂಬ ಅಪೇಕ್ಷೆಗೆ ಅಣ್ಣ ಸರ್ ಜಾನ್ ಒಪ್ಪಲಿಲ್ಲ. ಆ ಜಮೀನು ಒತ್ತೆಯಲ್ಲಿತ್ತು. ಅದನ್ನು ಬಿಡಿಸಿಕೊಳ್ಳಲು ಸಾಲ ಕೊಡುವುದಕ್ಕೂ ಸರ್ ಥಾಮಸ್ ಮುಂದೆ ಬಂದನಾದರೂ ಕಗ್ಗಂಟು ಬಿಡಲಿಲ್ಲ.

ಮದುವೆಯನ್ನು ನಡೆಸಬೇಕೆಂದು ಎಲ್ಲರಿಗಿಂತ ಹೆಚ್ಚು ಶ್ರಮಿಸಿದವಳು ಮಾರ್ಜರಿಯ ತಾಯಿ. ಮಗಳು ಜಾನ್‌ನ ಪರವಾಗಿ ಎಷ್ಟು ವಾದಿಸುತ್ತಾಳೆಂದರೆ ಹಗಲು ರಾತ್ರಿ ತನಗೆ ವಿಶ್ರಾಂತಿಯೇ ಇಲ್ಲವೆಂದು ಎಲಿಜಬೆತ್ ಭಾವೀ ಅಳಿಯನಿಗೆ ಬರೆದಳು. ಮುಂಬರುವ ಶುಕ್ರವಾರ ಸಂತ ವ್ಯಾಲೆಂಟೈನನ ದಿನ, ಅಂದು ಹಕ್ಕಿಗಳೆಲ್ಲ ತಮ್ಮ ಜೋಡಿಯನ್ನು ಆರಿಸಿಕೊಳ್ಳುತ್ತವೆ ಎಂದು ನೆನಪಿಸಿ, ಗುರುವಾರ ರಾತ್ರಿಯೇ ಬಂದು ಸೋಮವಾರದವರೆಗೆ ತಂಗಿದರೆ ಗಂಡನೊಡನೆ ಮಾತನಾಡಲು ಅನುಕೂಲವಾಗುತ್ತದೆಂದು ಸೂಚಿಸಿದಳು. ಆ ವರ್ಷ ಫೆಬ್ರವರಿ 14 ಶುಕ್ರವಾರವೇ ಬಿದ್ದಿತ್ತು.

ಹಕ್ಕಿಗಳ ಈ ನಂಬಿಕೆ ಎಲಿಜಬೆತ್‌ಳ ಸ್ವಂತ ಕಲ್ಪನೆಯಲ್ಲ. ಹುತಾತ್ಮನಾದ ಸಂತ ವ್ಯಾಲೆಂಟೈನನ ಹಬ್ಬದ ದಿನವನ್ನು ಹಕ್ಕಿಗಳ ಜೋಡಿ ಆಯ್ಕೆಯೊಂದಿಗೆ ಜೋಡಿಸಿದ ಆರಂಭದ ಕೃತಿಗಳಲ್ಲಿ ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಜೆಫ್ರಿ ಚಾಸರ್ ಬರೆದ ಪಾರ್ಲಮೆಂಟ್ ಆಫ್ ಫೌಲ್ಸ್ ಎಂಬ ಕಾವ್ಯ ಪ್ರಮುಖವಾದುದು. ಆಸ್ಥಾನದ ಕವಿಗಳ ಆ ವಿನೋದ ನೂರು ವರ್ಷಗಳೊಳಗೆ ನಾರ್ಫೋಕಿನ ಗ್ರಾಮೀಣ ಬಂಗಲೆಗಳಿಗೆ ತಲುಪಿ, ಮಗಳ ಮದುವೆಗೆ ಓಡಾಡುವ ತಾಯಿಯ ಕೈಗೆ ಒಂದು ನೆಪವಾಗಿ ಒದಗಿತು. ಆರಿಸಿಕೊಂಡ ವ್ಯಕ್ತಿಯನ್ನೇ ವ್ಯಾಲೆಂಟೈನ್ ಎಂದು ಕರೆಯುವ ವಾಡಿಕೆಯೂ ಆ ವೇಳೆಗೆ ಬಂದಿತ್ತು. ಮುದ್ರಿತ ಕಾರ್ಡುಗಳು ಬಂದದ್ದು ಬಹಳ ಕಾಲದ ನಂತರ.

ವ್ಯಾಲೆಂಟೈನ್ ಪತ್ರಗಳು

ಎರಡು ಪತ್ರಗಳೂ ಸರ್ ಥಾಮಸನ ಗುಮಾಸ್ತ ಥಾಮಸ್ ಕೆಲಾ ಎಂಬವನ ಕೈಬರಹದಲ್ಲಿವೆ. ಹೆಂಗಸರು ತಾವು ಹೇಳಿ ಬೇರೆಯವರಿಂದ ಬರೆಯಿಸುವುದು ಅಂದು ಸಾಮಾನ್ಯವಾಗಿತ್ತು. ಹೀಗಾಗಿ ಹುಡುಗಿಯೊಬ್ಬಳ ಅತ್ಯಂತ ಅಂತರಂಗದ ಮಾತುಗಳು ತಂದೆಯ ನೌಕರನ ಲೇಖನಿಯಿಂದಲೇ ಕಾಗದಕ್ಕೆ ಇಳಿದವು.

ಮೊದಲನೆಯ ಪತ್ರದಲ್ಲಿ ಮಾರ್ಜರಿ ಜಾನ್‌ನನ್ನು ಗೌರವದಿಂದಲೂ ಪ್ರೀತಿಯಿಂದಲೂ ತನ್ನ ವ್ಯಾಲೆಂಟೈನ್ ಎಂದು ಕರೆದು ಅವನ ಕ್ಷೇಮವನ್ನು ಕೋರುತ್ತಾಳೆ. ತನ್ನ ಕ್ಷೇಮವನ್ನು ಕೇಳಿದರೆ ದೇಹಕ್ಕೂ ಮನಸ್ಸಿಗೂ ಆರೋಗ್ಯವಿಲ್ಲ, ಅವನಿಂದ ಸುದ್ದಿ ಬರುವವರೆಗೆ ಅದು ಬರುವುದೂ ಇಲ್ಲ ಎನ್ನುತ್ತಾಳೆ. ತಾನು ಪಡುತ್ತಿರುವ ನೋವನ್ನು ಹೇಳುವಾಗ ಗದ್ಯ ಪ್ರಾಸಬದ್ಧವಾದ ಸಾಲುಗಳಿಗೆ ತಿರುಗುತ್ತದೆ. ಮರುಗಳಿಗೆಯಲ್ಲಿ ಮತ್ತೆ ವ್ಯವಹಾರಕ್ಕೆ ಬರುತ್ತಾಳೆ: ತಾಯಿ ತಂದೆಯ ಬಳಿ ಶ್ರದ್ಧೆಯಿಂದ ಪ್ರಯತ್ನಿಸಿದರೂ ಜಾನ್‌ಗೆ ಈಗಾಗಲೇ ತಿಳಿದಿರುವ ಮೊತ್ತಕ್ಕಿಂತ ಹೆಚ್ಚು ಪಡೆಯಲಾಗಲಿಲ್ಲ, ಅದಕ್ಕಾಗಿ ತನಗೆ ತುಂಬ ದುಃಖವಿದೆ. ಅವನು ತನ್ನನ್ನು ನಿಜವಾಗಿ ಪ್ರೀತಿಸುತ್ತಿದ್ದರೆ ಈ ಕಾರಣಕ್ಕೆ ತೊರೆಯಲಾರನೆಂದು ನಂಬಿದ್ದೇನೆ ಎಂದು ಹೇಳಿ, ಅವನಿಗೆ ಈಗಿರುವ ಆಸ್ತಿಯಲ್ಲಿ ಅರ್ಧದಷ್ಟೂ ಇಲ್ಲದಿದ್ದರೂ, ಹೆಂಗಸೊಬ್ಬಳು ಮಾಡಬಹುದಾದ ಅತಿ ಕಠಿಣವಾದ ದುಡಿಮೆಯನ್ನೇ ಮಾಡಬೇಕಾಗಿ ಬಂದರೂ ತಾನು ಅವನನ್ನು ಬಿಡುವವಳಲ್ಲ ಎಂದು ಸೇರಿಸುತ್ತಾಳೆ. ಈ ಮಾತಿನ ಮೊನೆ ಜಾನ್‌ಗೆ ತಾಗದೆ ಇದ್ದಿರಲಾರದು. ಆಸ್ತಿಯ ಲೆಕ್ಕವನ್ನು ತಾನು ಬದಿಗಿಟ್ಟಿದ್ದೇನೆ, ನೀನೂ ಇಡುವೆಯಾ ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ. ಈ ಕಾಗದವನ್ನು ಅವನ ಹೊರತು ಭೂಮಿಯ ಮೇಲಿನ ಬೇರಾವ ಜೀವಿಯೂ ನೋಡಬಾರದೆಂದು ಕೋರಿ ಪತ್ರವನ್ನು ಮುಗಿಸುತ್ತಾಳೆ.

ಎರಡನೆಯ ಪತ್ರ ಜಾನ್‌ನ ಕಾಗದವೊಂದಕ್ಕೆ ಉತ್ತರವಾಗಿದೆ. ಅವನು ತಂದೆಯೊಂದಿಗಿನ ವಿಷಯವನ್ನು ಇತ್ಯರ್ಥಪಡಿಸಲೆಂದೇ ಟಾಪ್‌ಕ್ರಾಫ್ಟಿಗೆ ಬರುವುದಾಗಿ ತಿಳಿಸಿದ್ದನು. ಆದರೆ ಬಂದಾಗ ವಿಷಯ ಮುಂದುವರಿದಿರದಿದ್ದರೆ ಆಮೇಲೆ ಬಹುಕಾಲ ಈ ಕಾರಣಕ್ಕೆ ಅವಳ ತಂದೆತಾಯಿಗೆ ಖರ್ಚನ್ನಾಗಲಿ ತೊಂದರೆಯನ್ನಾಗಲಿ ಕೊಡುವುದಿಲ್ಲವೆಂದೂ ಬರೆದಿದ್ದನು. ವಿನಯದ ಮಾತಿನಲ್ಲಿ ಸುತ್ತಿಟ್ಟ ಎಚ್ಚರಿಕೆ ಅದು. ಮಾರ್ಜರಿ ಅದನ್ನು ಸರಿಯಾಗಿಯೇ ಅರ್ಥಮಾಡಿಕೊಂಡಳು. ತನ್ನ ಹೃದಯ ಭಾರವಾಗಿದೆಯೆಂದು ಹೇಳಿಕೊಂಡ ಬಳಿಕ ಅಂಕಿಯನ್ನೇ ಮುಂದಿಡುತ್ತಾಳೆ: ತಂದೆ 100 ಪೌಂಡು ಮತ್ತು 50 ಮಾರ್ಕುಗಳಿಗಿಂತ ಹೆಚ್ಚು ಕೊಡುವುದಿಲ್ಲ. ಒಂದು ಮಾರ್ಕ್ ಎಂದರೆ 13 ಶಿಲಿಂಗ್ 4 ಪೆನ್ಸ್, ಅಂದರೆ ಪೌಂಡಿನ ಮೂರನೆಯ ಎರಡು ಭಾಗ. ಆದ್ದರಿಂದ ಒಟ್ಟು ಮೊತ್ತ ಸುಮಾರು 133 ಪೌಂಡು. ಅದು ಅವನ ಅಪೇಕ್ಷೆಗೆ ಬಹಳ ದೂರವೆಂದು ಅವಳೇ ಒಪ್ಪುತ್ತಾಳೆ.

ಆ ಹಣದಿಂದಲೂ ತನ್ನಂಥ ಬಡವಳಿಂದಲೂ ಅವನು ತೃಪ್ತನಾಗುವುದಾದರೆ ಭೂಮಿಯ ಮೇಲೆ ತನಗಿಂತ ಸಂತೋಷದ ಹುಡುಗಿ ಇನ್ನೊಬ್ಬಳಿರುವುದಿಲ್ಲ. ಬೇರೆಡೆ ಇದಕ್ಕಿಂತ ಹೆಚ್ಚು ದೊರೆಯುವುದೆಂದು ಅವನಿಗೆ ತೋರಿದರೆ ಈ ವಿಷಯಕ್ಕಾಗಿ ಮತ್ತೆ ಬರುವ ಶ್ರಮ ಬೇಡ. ಆದದ್ದು ಆಯಿತೆಂದು ಬಿಟ್ಟು ಇನ್ನೆಂದೂ ಮಾತೆತ್ತದಿರಲಿ. ತಾನು ಬದುಕಿರುವವರೆಗೆ ಅವನಿಗಾಗಿ ಪ್ರಾರ್ಥಿಸುತ್ತ ಇರುವೆ. ಪತ್ರದ ಸಾರ ಇಷ್ಟು. ಈ ಪತ್ರದಲ್ಲೂ ಅವನು ಅವಳ ವ್ಯಾಲೆಂಟೈನೇ. ಇಲ್ಲಿ ಅವಳು ಬೇಡುವುದಕ್ಕಿಂತ ಹೆಚ್ಚಾಗಿ ನಿರ್ಧಾರವನ್ನು ಅವನ ಮುಂದೆ ಇಡುತ್ತಾಳೆ. ಇಲ್ಲವೆನ್ನುವ ದಾರಿಯನ್ನೂ ತಾನೇ ತೆರೆದಿಟ್ಟಿದ್ದರಿಂದ ಅವಳು ಎಲ್ಲವನ್ನೂ ಕಳೆದುಕೊಳ್ಳುವ ಸಾಧ್ಯತೆಯಿತ್ತು. ಮೊದಲನೆಯ ಪತ್ರಕ್ಕೆ ಹೆಚ್ಚು ಪ್ರಸಿದ್ಧಿ ದೊರೆತಿದೆಯಾದರೂ ಎರಡನೆಯದೇ ಹೆಚ್ಚು ಧೈರ್ಯದ ಬರಹ.

ಗುಮಾಸ್ತ ಕೆಲಾ ಬರೆದುಕೊಟ್ಟು ಸುಮ್ಮನಾಗಲಿಲ್ಲ. ತಾನೇ ಜಾನ್‌ಗೆ ಪ್ರತ್ಯೇಕವಾಗಿ ಕಾಗದ ಬರೆದು, ಮದುವೆಯಾದ ಮೇಲೆ ಎರಡು ಮೂರು ವರ್ಷ ದಂಪತಿಯ ಊಟವಸತಿಯನ್ನು ತಾವೇ ನೋಡಿಕೊಳ್ಳುವುದಾಗಿ ಮನೆಯೊಡತಿ ಹೇಳಿದ್ದನ್ನು ಕೇಳಿದ್ದೇನೆಂದು ತಿಳಿಸಿ ಸಂಬಂಧವನ್ನು ಕುದುರಿಸಲು ಯತ್ನಿಸಿದನು.

ವಿವಾಹ

ಜಾನ್ ಹಿಂದೆ ಸರಿಯಲಿಲ್ಲ. ಚೌಕಾಶಿಯನ್ನು ನಿಲ್ಲಿಸಲೂ ಇಲ್ಲ. ಮಾರ್ಚ್ ತಿಂಗಳಲ್ಲಿ ತನ್ನ ತಾಯಿ ಮಾರ್ಗರೆಟ್‌ಳಿಗೆ ಬರೆದು ಎಲಿಜಬೆತ್ ಬ್ರೂಸ್‌ಳನ್ನು ಭೇಟಿಮಾಡಿ ಮಾತನಾಡುವಂತೆ ಕೇಳಿಕೊಂಡನು. ಹುಡುಗಿಗೆ ಜಾನ್‌ನ ಮೇಲೆ ಒಳ್ಳೆಯ ಪ್ರೀತಿಯಿದೆಯೆಂದು ಆಳಿನಿಂದ ತಿಳಿದ ಅಣ್ಣ ಸರ್ ಜಾನ್ ಶುಭ ಹಾರೈಸಿದನು, ಆದರೆ ಸ್ವೈನ್ಸ್‌ಥಾರ್ಪ್ ವಿಷಯದಲ್ಲಿ ಬಗ್ಗಲಿಲ್ಲ. ಕೊನೆಗೆ ಗಂಟನ್ನು ಬಿಡಿಸಿದವಳು ಮಾರ್ಗರೆಟ್. ತನ್ನ ಕಡೆಯಿಂದ ಸ್ಪಾರಮ್ ಎಂಬ ಜಮೀನನ್ನು ಕಿರಿಯ ಮಗನಿಗೆ ಕೊಡಲು ಆಕೆ ಮುಂದಾದಳು. ವಾರಸುದಾರಿಕೆಯಲ್ಲಿ ಅದು ತನಗೂ ತನ್ನ ಸಂತತಿಗೂ ಸೇರಬೇಕಾದದ್ದೆಂದು ಸರ್ ಜಾನ್ ಆಗಸ್ಟಿನಲ್ಲಿ ತಾಯಿಗೆ ಆಕ್ಷೇಪ ಬರೆದನು. ಪ್ರೇಮವಿವಾಹ ಮಾಡಿಕೊಂಡ ಮಗಳನ್ನು ಹೊರಹಾಕಿದ್ದ ತಾಯಿಯೇ ಈಗ ಮಗನ ಮೆಚ್ಚಿನ ಹುಡುಗಿಗಾಗಿ ಜಮೀನು ಬಿಟ್ಟುಕೊಟ್ಟಳೆಂಬುದು ಗಮನಾರ್ಹ. ಇಬ್ಬರು ಮಾರ್ಜರಿಯರ ಭಾಗ್ಯದಲ್ಲಿನ ವ್ಯತ್ಯಾಸಕ್ಕೆ ಬ್ರೂಸ್ ಮನೆತನದ ಅಂತಸ್ತೇ ಮುಖ್ಯ ಕಾರಣ. 1477ರಲ್ಲಿಯೇ ಮದುವೆ ನೆರವೇರಿತು.

ದಾಂಪತ್ಯ

ಅದೇ ವರ್ಷದ ಡಿಸೆಂಬರಿನದೆಂದು ವಿದ್ವಾಂಸರು ನಿಗದಿಪಡಿಸಿರುವ ಪತ್ರವೊಂದರಲ್ಲಿ ಮಾರ್ಜರಿ ಗರ್ಭಿಣಿಯಾಗಿದ್ದಾಳೆ. ಚಳಿಗಾಲಕ್ಕೆ ಹೊಸ ಉಡುಪು ಬೇಕು. ಹೊಟ್ಟೆ ಬೆಳೆದು ಇದ್ದ ಸೊಂಟಪಟ್ಟಿಗಳಲ್ಲಿ ಒಂದರ ಹೊರತು ಯಾವುದೂ ಹಿಡಿಯದಾಗಿರುವುದರಿಂದ ಹೊಸದೊಂದು ಬೇಕು ಎಂದು ಗಂಡನಿಗೆ ನಗೆಯೊಂದಿಗೆ ತಿಳಿಸುತ್ತಾಳೆ. ನೆನಪಿಗೆಂದು ಸಂತ ಮಾರ್ಗರೆಟ್‌ಳ ಚಿತ್ರವಿರುವ ಉಂಗುರವನ್ನು ಕಳುಹಿಸಿ, ಮನೆಗೆ ಬರುವವರೆಗೆ ಅದನ್ನು ಧರಿಸಿರಬೇಕೆಂದು ಕೇಳುತ್ತಾಳೆ. ಸಂತ ಮಾರ್ಗರೆಟ್ ಹೆರಿಗೆಯ ಕಷ್ಟದಲ್ಲಿರುವವರನ್ನು ಕಾಯುವವಳೆಂಬ ನಂಬಿಕೆ ಅಂದು ಪ್ರಚಲಿತವಾಗಿತ್ತು. 1478ರಲ್ಲಿ ಹಿರಿಯ ಮಗ ಕ್ರಿಸ್ಟೋಫರ್ ಹುಟ್ಟಿದನು. ನಂತರ ಹುಟ್ಟಿದ ವಿಲಿಯಂನಿಂದ ಮನೆತನ ಮುಂದುವರಿಯಿತು.

1479ರಲ್ಲಿ ಸರ್ ಜಾನ್ ತೀರಿಕೊಂಡು ಮನೆತನದ ಯಜಮಾನಿಕೆ ಮಾರ್ಜರಿಯ ಗಂಡನ ಕೈಸೇರಿತು. ಜೊತೆಗೆ ಚಿಕ್ಕಪ್ಪ ವಿಲಿಯಂ ಪ್ಯಾಸ್ಟನ್‌ನೊಡನೆ ಆಕ್ಸ್‌ನೆಡ್ ಮತ್ತು ಮಾರ್ಲಿಂಗ್‌ಫೋರ್ಡ್ ಜಮೀನುಗಳ ವ್ಯಾಜ್ಯವೂ ಬಂದಿತು. 1481ರ ನವೆಂಬರಿನ ಪತ್ರದಲ್ಲಿ ಮಾರ್ಜರಿ, ನಾರ್ಫೋಕಿನ ಡಚೆಸ್‌ಳ ಬಳಿಗೆ ತಾನೇ ಹೋಗಿ ಮಧ್ಯಸ್ಥಿಕೆ ಕೋರಲು ಗಂಡನ ಅಪ್ಪಣೆ ಕೇಳುತ್ತಾಳೆ. ಇಪ್ಪತ್ತು ಗಂಡಸರ ಮಾತಿಗಿಂತ ಹೆಂಗಸೊಬ್ಬಳ ಮಾತು ಅಲ್ಲಿ ಹೆಚ್ಚು ಕೆಲಸ ಮಾಡೀತೆಂಬುದು ಅವಳ ವಾದ. ಚಿಕ್ಕಪ್ಪನನ್ನು ಕೆಟ್ಟದಾಗಿ ಆಡಿಕೊಳ್ಳದಂತೆ ತನ್ನ ನಾಲಿಗೆಯನ್ನು ತಡೆದುಕೊಳ್ಳಬೇಕಷ್ಟೆ ಎಂದು ತನ್ನನ್ನೇ ಹಾಸ್ಯ ಮಾಡಿಕೊಳ್ಳುತ್ತಾಳೆ. ನಾಲ್ಕು ವರ್ಷಗಳ ಹಿಂದೆ ತನ್ನ ಮದುವೆಗಾಗಿ ತೋರಿದ ಚಾತುರ್ಯವನ್ನು ಈಗ ಗಂಡನ ಆಸ್ತಿಗಾಗಿ ಬಳಸಲು ಹೊರಟಿದ್ದಳು.

1484ರ ನವೆಂಬರಿನಲ್ಲಿ ಅತ್ತೆ ಮಾರ್ಗರೆಟ್ ನಿಧನಳಾದಳು. ಸೂತಕದ ಮನೆಯಲ್ಲಿ ಕ್ರಿಸ್‌ಮಸ್ ಹೇಗೆ ಆಚರಿಸಬೇಕೆಂದು ತಿಳಿಯಲು ಮಾರ್ಜರಿ, ಹಿಂದೆ ಗಂಡನನ್ನು ಕಳೆದುಕೊಂಡಿದ್ದ ಲೇಡಿ ಮಾರ್ಲಿಯ ಬಳಿಗೆ ಹಿರಿಯ ಮಗನನ್ನು ಕಳುಹಿಸಿದಳು. ವೇಷ, ವಾದ್ಯ, ಹಾಡು ಸಲ್ಲದು. ಚದುರಂಗ, ಪಗಡೆಯಂಥ ಆಟ ಮತ್ತು ಇಸ್ಪೀಟು ಆಗಬಹುದು ಎಂಬ ಉತ್ತರ ಬಂದಿತು. ಈ ಪತ್ರವನ್ನು ಹಿಂದಿನ ಸಂಪಾದಕರು ಮಾರ್ಗರೆಟ್‌ಳದೆಂದೂ 1459ರದೆಂದೂ ಎಣಿಸಿದ್ದರು.

1487ರಲ್ಲಿ ಸ್ಟೋಕ್ ಯುದ್ಧದ ನಂತರ ಜಾನ್‌ಗೆ ನೈಟ್ ಪದವಿ ದೊರೆತು ಮಾರ್ಜರಿ ಡೇಮ್ ಎನಿಸಿಕೊಂಡಳು. ಅವಳು ಮನೆಯಲ್ಲಿ ತಯಾರಿಸುತ್ತಿದ್ದ ನೋವಿನ ಮುಲಾಮಿಗೆ ಹೆಸರಿತ್ತು. ರಾಜನ ಅಟಾರ್ನಿ ಜೇಮ್ಸ್ ಹೊಬಾರ್ಟ್‌ನ ಮೊಣಕಾಲು ನೋವಿಗೆ ಆ ಮುಲಾಮಿನ ದೊಡ್ಡ ಪಟ್ಟಿಯೊಂದನ್ನು ತಕ್ಷಣ ಕಳುಹಿಸುವಂತೆಯೂ, ಅದನ್ನು ಹಚ್ಚುವ ಮತ್ತು ತೆಗೆಯುವ ಕ್ರಮವನ್ನು ಬರೆದು ತಿಳಿಸುವಂತೆಯೂ ಜಾನ್ ಒಮ್ಮೆ ಕೇಳಿಕೊಂಡನು. ತಮ್ಮಿಬ್ಬರನ್ನು ಒಂದುಗೂಡಿಸಿದ ಮನುಷ್ಯ ಅವನು, ಅವನನ್ನು ಆ ನೋವಿನಿಂದ ಬೇರ್ಪಡಿಸುವುದಾದರೆ ತಾನು 40 ಪೌಂಡು ಕೊಡಲೂ ಸಿದ್ಧ ಎಂಬುದು ಜಾನ್ ಕೊಟ್ಟ ಕಾರಣ. ಸಂಬಂಧ ಕೂಡಿಬರುವಲ್ಲಿ ಹೊಬಾರ್ಟ್‌ನ ಪಾಲೂ ಇತ್ತೆಂಬುದು ಹೀಗೆ ತಿಳಿದುಬರುತ್ತದೆ. ಮಾವ ಕೊಟ್ಟ ಪ್ರತಿಯೊಂದು ಮಾರ್ಕನ್ನು ಎಣಿಸಿದ್ದವನ ಲೇಖನಿಯಿಂದ ಬಂದ ಆ 40 ಪೌಂಡಿನ ಮಾತು ದಾಂಪತ್ಯದ ಬಗ್ಗೆ ಸಾಕಷ್ಟನ್ನು ಹೇಳುತ್ತದೆ.

ಮಾರ್ಜರಿ 1495ರಲ್ಲಿ ನಿಧನಳಾದಳು. ಜಾನ್ ಮರುಮದುವೆಯಾಗಿ 1504ರವರೆಗೆ ಬದುಕಿದ್ದನು.

ಹಸ್ತಪ್ರತಿಗಳು

ಪ್ಯಾಸ್ಟನ್ ವಂಶಸ್ಥರು ಮುಂದೆ ಯಾರ್ಮತ್‌ನ ಅರ್ಲ್‌ಗಳಾದರು. 1732ರಲ್ಲಿ ಎರಡನೆಯ ಅರ್ಲ್ ವಾರಸುದಾರರಿಲ್ಲದೆ ತೀರಿಕೊಂಡ ಬಳಿಕ ಪತ್ರಗಳು ಪುರಾತನ ವಸ್ತುಗಳ ಸಂಗ್ರಾಹಕರ ಕೈಗಳಿಗೆ ಹಂಚಿಹೋದವು. ಜಾನ್ ಫೆನ್ ಎಂಬವನು 1787ರಲ್ಲಿ ಅವುಗಳ ಮೊದಲ ಎರಡು ಸಂಪುಟಗಳನ್ನು ಪ್ರಕಟಿಸಿದಾಗ ಮಾರ್ಜರಿಯ ವ್ಯಾಲೆಂಟೈನ್ ಪತ್ರಗಳು ಸಾರ್ವಜನಿಕರ ಕಣ್ಣಿಗೆ ಬಿದ್ದವು. ಆ ಸಂಪುಟಗಳ ಮೂಲ ಹಸ್ತಪ್ರತಿಗಳನ್ನು ಫೆನ್ ಮೂರನೆಯ ಜಾರ್ಜ್ ದೊರೆಗೆ ಅರ್ಪಿಸಿ ನೈಟ್ ಪದವಿ ಪಡೆದನು. ಬಳಿಕ ಅವು ಕಾಣೆಯಾಗಿ, ಒಂದು ಶತಮಾನದ ಅನಂತರ 1889ರಲ್ಲಿ ಸಫೋಕ್ ಪ್ರಾಂತದ ಆರ್ವೆಲ್ ಪಾರ್ಕ್ ಎಂಬ ಬಂಗಲೆಯಲ್ಲಿ ಪತ್ತೆಯಾದವು. 1933ರಲ್ಲಿ ಬ್ರಿಟಿಷ್ ಮ್ಯೂಸಿಯಂ ಅವನ್ನು ಕೊಂಡುಕೊಂಡಿತು. ಇಂದು ಎರಡು ಪತ್ರಗಳೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ವಿದ್ವಾಂಸರು ಸಾಮಾನ್ಯವಾಗಿ ಬಳಸುವ ಪಠ್ಯ ನಾರ್ಮನ್ ಡೇವಿಸ್ 1971 ಮತ್ತು 1976ರಲ್ಲಿ ಹೊರತಂದ ಸಂಪಾದನೆಯದು.